ಹಳೇ ಸ್ಪೋರ್ಟ್ಸ್ ಬೈಕನ್ನು ಮನೆಯಲ್ಲೇ ಬಿಚ್ಚಿ ಕಟ್ಟಬೇಕು, ಅಪ್‌ಗ್ರೇಡೂ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: 1997ರ ಹೋಂಡಾ ಸಿಬಿಆರ್600ಎಫ್3 ಕೈಗೆ ಬಂದಿದೆ, ಬಹಳ ವರ್ಷ ನಿಂತಲ್ಲೇ ನಿಂತಿತ್ತು, ಮೆಕ್ಯಾನಿಕ್‌ಗೆ ಕೊಡದೆ ನೀವೇ ಕಟ್ಟಬೇಕು ಅಂತ ಆಸೆ. ಎಕ್ಸಾಸ್ಟ್, ಜೆಟ್ ಕಿಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳತೆ ಬದಲಿಸುವ ಭಾಗಗಳು), ಪಾಡ್ ಫಿಲ್ಟರ್ (ಪ್ರತಿ ಕಾರ್ಬೊರೇಟರಿಗೂ ನೇರವಾಗಿ ಹಾಕುವ ಬಿಡಿ ಏರ್ ಫಿಲ್ಟರ್), ಹಿಂದೆ 180ರ ದಪ್ಪ ಟಯರ್ ಹಾಕುವ ಯೋಚನೆಯೂ ಇದೆ. ಯಾವುದು ಮೊದಲು?

ನೀವು ಬರೆದ ಪಟ್ಟಿಯಲ್ಲಿ ಯಾವುದೂ ಮೊದಲಲ್ಲ. ನಾನೂ ಇದೇ ವಯಸ್ಸಿನ, ನಾಲ್ಕು ಸಿಲಿಂಡರಿನ 600 ಒಂದನ್ನು ಮನೆಯಲ್ಲೇ ಪೂರ್ತಿ ಬಿಚ್ಚಿ ಕಟ್ಟಿದ್ದೇನೆ, ಈಗಲೂ ಓಡಿಸುತ್ತೇನೆ. ಇಂಥ ಬೈಕಿನಲ್ಲಿ ಹಳತಾಗುವುದು ಮೊದಲು ರಬ್ಬರ್, ಆಮೇಲೆ ಎಣ್ಣೆ, ಗ್ರೀಸು, ಸ್ಪ್ರಿಂಗು, ವೈರಿನ ಕನೆಕ್ಟರು. ಇಂಜಿನ್ ಸಾಮಾನ್ಯವಾಗಿ ಕೊನೆಗೆ. ಹೊಸದಾಗಿದ್ದಾಗ ಆ ಬೈಕ್ ಹೇಗೆ ನಿಲ್ಲುತ್ತಿತ್ತು, ಹೇಗೆ ತಿರುಗುತ್ತಿತ್ತು ಎಂದು ಈಗಿನ ಓನರ್‌ಗಳಲ್ಲಿ ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ. ಅದನ್ನು ವಾಪಸ್ ತರುವುದೇ ನೀವು ಮಾಡಬಹುದಾದ ಅತಿ ದೊಡ್ಡ ಅಪ್‌ಗ್ರೇಡ್.

ಒಂದು ಅನುಕೂಲ ನಿಮಗಿದೆ. ಎಫ್3ಯಲ್ಲಿ ಕಾರ್ಬೊರೇಟರ್ ಇದೆ. ಈ ಸಾಲಿಗೆ ಫ್ಯುಯೆಲ್ ಇಂಜೆಕ್ಷನ್ ಬಂದದ್ದು 2001ರ ಎಫ್4ಐ ಜೊತೆ. ಹಾಗಾಗಿ ಲ್ಯಾಪ್‌ಟಾಪ್ ಬೇಕಾಗುವ ಕೆಲಸ ಏನೂ ಇಲ್ಲ. ಸರ್ವಿಸ್ ಮ್ಯಾನ್ಯುಯಲ್, ಟಾರ್ಕ್ ರೆಂಚ್, ಮಲ್ಟಿಮೀಟರ್, ಗಟ್ಟಿಯಾದ ಪ್ಯಾಡಕ್ ಸ್ಟ್ಯಾಂಡ್ (ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಸ್ಟ್ಯಾಂಡ್) ಇವು ಮೊದಲು ತಗೊಳ್ಳಿ. ಇವುಗಳ ಜೊತೆ ಜೆಐಎಸ್ (ಜಪಾನಿನ ಇಂಡಸ್ಟ್ರಿಯಲ್ ಸ್ಟ್ಯಾಂಡರ್ಡ್) ಸ್ಕ್ರೂಡ್ರೈವರ್. ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಜಪಾನಿನ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್ ಥರ ಇದ್ದರೂ ಅದಲ್ಲ. ತಲೆಯ ಮೇಲೆ ಸಣ್ಣ ಚುಕ್ಕೆ ಇದ್ದರೆ ಜೆಐಎಸ್ ಎಂದರ್ಥ. ಫಿಲಿಪ್ಸ್ ಹಾಕಿ ತಿರುಗಿಸಿದರೆ ಅದು ಜಾರಿ ಮೇಲೆ ಬರುತ್ತದೆ, ಸ್ಕ್ರೂ ತಲೆ ಸವೆದು ಹೋಗುತ್ತದೆ. ಕಾರ್ಬೊರೇಟರಿನ ಫ್ಲೋಟ್ ಬೌಲ್ ಸ್ಕ್ರೂಗಳು ಹಾಳಾಗುವುದು ಬಹುಪಾಲು ಹೀಗೇ.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ. ಇಂಜಿನ್ ಕವರುಗಳಿಗೆ ಮಾತ್ರ ಬೇರೆ ಉಪಾಯ: ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಇರುವ ಕಡೆ ತೂತು ಮಾಡಿ, ತೆಗೆದ ಬೋಲ್ಟನ್ನು ಅಲ್ಲೇ ಸಿಕ್ಕಿಸಿಡಿ. ಒಂದೇ ಕವರಿನಲ್ಲಿ ಬೇರೆ ಬೇರೆ ಉದ್ದದ ಬೋಲ್ಟ್ ಇರುತ್ತವೆ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಅಲ್ಯೂಮಿನಿಯಂ ಕೇಸೇ ಒಡೆಯಬಹುದು.

ಇಂಜಿನ್ ಬಿಚ್ಚಬೇಕೋ ಬೇಡವೋ ಅನ್ನುವುದನ್ನು ಊಹೆ ಮಾಡಬೇಡಿ, ಅಳೆಯಿರಿ. ಮೊದಲು ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಒಂದಷ್ಟು ಹೊತ್ತು ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸರಾಗವಾಗಿ ತಿರುಗಿದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮುಂದುವರಿಯಿರಿ. ಬೈಕ್ ಸ್ಟಾರ್ಟ್ ಆಗುವ ಹಂತಕ್ಕೆ ಬಂದ ಮೇಲೆ, ಇಂಜಿನ್ ಬಿಸಿ ಇರುವಾಗ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏಳುತ್ತದೆ ಎಂದು ಗೇಜ್ ಹಾಕಿ ನೋಡುವುದು) ಮಾಡಿ. ನಾಲ್ಕರ ಅಂಕಿಗಳೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಮಾತ್ರ ಕಮ್ಮಿ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ಹೆಡ್ ಬಿಚ್ಚುವ ಮೊದಲು, ಇಂಜಿನ್ ತಣ್ಣಗಿರುವಾಗ, ವಾಲ್ವ್ ಕ್ಲಿಯರೆನ್ಸ್ (ಕ್ಯಾಮ್‌ಗೂ ವಾಲ್ವ್ ಕಡೆಗೂ ನಡುವಿನ ಸಣ್ಣ ಸಂದು) ಅಳೆಯಿರಿ. ಎಕ್ಸಾಸ್ಟ್ ವಾಲ್ವ್ ಟೈಟ್ ಆಗಿದ್ದರೂ ಕಂಪ್ರೆಷನ್ ಬೀಳುತ್ತದೆ, ಆಗ ಶಿಮ್ (ಆ ಸಂದನ್ನು ಸರಿಪಡಿಸುವ ತೆಳು ಬಿಲ್ಲೆ) ಬದಲಿಸಿದರೆ ಕೆಲಸ ಮುಗಿಯುತ್ತದೆ. ಇಂಜಿನ್ನಿನಲ್ಲಿ ಚೈನ್ ಬಡಿದಂಥ ಸದ್ದು ಕೇಳಿದರೆ ಹೆದರಬೇಡಿ, ಕ್ಯಾಮ್ ಚೈನ್ ಟೆನ್ಷನರ್ ನೋಡಿ. ಅದು ಈ ಮಾಡೆಲಿನಲ್ಲಿ ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ, ಹೊರಗಿನಿಂದಲೇ ಬದಲಿಸಬಹುದು.

ಕಾರ್ಬೊರೇಟರ್ ಕೆಲಸಕ್ಕೆ ಒಂದು ಇಡೀ ದಿನ ಕೊಡಿ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಬಿಡಿ, ಸುಮ್ನೆ ಬೇರೆ ಮಾಡಬೇಡಿ. ಪೈಲಟ್ ಜೆಟ್ (ಕಡಿಮೆ ಥ್ರಾಟಲಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ತೆಗೆದು ಬೆಳಕಿಗೆ ಹಿಡಿದು ನೋಡಿ. ತೂತು ಸೂಜಿಮೊನೆಯಷ್ಟಿರುತ್ತದೆ, ಅಂಚು ದುಂಡಗೆ, ಸ್ಪಷ್ಟವಾಗಿ ಕಾಣಬೇಕು. ಮಬ್ಬಾಗಿ, ಒಂದು ಕಡೆ ಚಪ್ಪಟೆಯಾಗಿ ಕಂಡರೆ ಒಳಗೆ ಹಳೇ ಪೆಟ್ರೋಲಿನ ಅಂಟು ಇನ್ನೂ ಇದೆ. ತಂತಿ ಚುಚ್ಚಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತದೆ. ನೆನೆಹಾಕಿ, ಗಾಳಿ ಊದಿ. ಮೇಲಿನ ಮುಚ್ಚಳದಡಿ ಇರುವ ರಬ್ಬರ್ ಡಯಾಫ್ರಂ ಅನ್ನು ಬೆಳಕಿಗೆ ಹಿಡಿದು ಸ್ವಲ್ಪ ಎಳೆದು ನೋಡಿ. ಸಣ್ಣ ತೂತಿದ್ದರೂ ಆ ಸಿಲಿಂಡರಿನ ಸ್ಲೈಡ್ (ಗಾಳಿಯ ದಾರಿ ತೆರೆಯುವ ಭಾಗ) ಸರಿಯಾಗಿ ಮೇಲೇಳುವುದಿಲ್ಲ. ಓ ರಿಂಗ್, ಬೌಲ್ ಗ್ಯಾಸ್ಕೆಟ್, ಇಂಜಿನ್ ಕಡೆಯ ರಬ್ಬರ್ ಬೂಟ್ ಎಲ್ಲವೂ ಹೊಸದಿರಲಿ. ಕೊನೆಗೆ ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕನ್ನೂ ಸಿಂಕ್ ಮಾಡಿ, ಅಂದರೆ ನಾಲ್ಕೂ ಒಂದೇ ಸಮ ಎಳೆಯುವ ಹಾಗೆ ಹೊಂದಿಸಿ.

ಪಾಡ್ ಫಿಲ್ಟರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ: ಬೇಡ. ನಿಮ್ಮದು ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬೊರೇಟರ್. ಸ್ಲೈಡ್ ಏಳುವುದು ಒತ್ತಡದ ವ್ಯತ್ಯಾಸದಿಂದ. ಏರ್‌ಬಾಕ್ಸ್, ಅಂದರೆ ಕಂಪನಿಯ ಏರ್ ಫಿಲ್ಟರ್ ಡಬ್ಬಿ, ಆ ಗಾಳಿಯನ್ನು ಶಾಂತವಾಗಿಡುತ್ತದೆ. ಅದನ್ನು ತೆಗೆದರೆ ಮಧ್ಯದ ಆರ್‌ಪಿಎಂನಲ್ಲಿ ಬೈಕ್ ತಡವರಿಸುತ್ತದೆ, ಜೆಟ್ ಬದಲಿಸಿ ಬದಲಿಸಿ ಸುಸ್ತಾಗುತ್ತೀರಿ.

ಬ್ರೇಕಿನಲ್ಲಿ ಮಾತ್ರ ರಾಜಿ ಬೇಡ. ಲಿವರ್ ಸ್ಪಂಜಿನ ಹಾಗಿದ್ದರೆ ಎಲ್ಲರೂ ದೊಡ್ಡ ಕ್ಯಾಲಿಪರ್ ಹುಡುಕಲು ಹೊರಡುತ್ತಾರೆ. ಮೊದಲು ಈಗಿರುವುದನ್ನು ಬಿಚ್ಚಿ ನೋಡಿ. ಹೋಸ್ ತೆಗೆಯುವ ಮೊದಲೇ ಲಿವರ್ ಒತ್ತಿ ಪಿಸ್ಟನ್ ಹೊರಗೆ ತಳ್ಳಿಕೊಳ್ಳಿ. ಗಾಳಿ ಹಾಕಿ ಹಾರಿಸಲು ಹೋಗಬೇಡಿ, ಬೆರಳು ಹೋಗುತ್ತದೆ. ಒಳಗೆ ಸೀಲ್ ಕೂರುವ ಕಾಲುವೆ ಇರುತ್ತದೆ. ಸೀಲ್ ಎತ್ತಿದರೆ ಅದರ ಹಿಂದೆ ಬಿಳೀ ಪುಡಿ, ಸುಣ್ಣ ಹತ್ತಿದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದು ಅಲ್ಯೂಮಿನಿಯಂ ತಿಂದು ಬಂದ ಪುಡಿ. ಆ ಸೀಲ್ ಚೌಕ ಅಂಚಿನದು. ಬ್ರೇಕ್ ಹಿಡಿದಾಗ ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ವಾಪಸ್ ಬಂದು ಪಿಸ್ಟನ್ನನ್ನೂ ಎಳೆದುಕೊಳ್ಳುತ್ತದೆ. ಪುಡಿ ತುಂಬಿದರೆ ಸೀಲ್ ಪಿಸ್ಟನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಬ್ರೇಕ್ ಬಿಟ್ಟರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಕಾಲುವೆಯನ್ನು ಗೀರು ಬೀಳದಂತೆ ಕೆರೆದು ತೆಗೆಯಿರಿ. ಹೊಸ ಸೀಲ್ ಹಾಕಿ, ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಪಿಸ್ಟನ್ ಹೆಬ್ಬೆರಳಿನ ಒತ್ತಿಗೇ ಒಳಗೆ ಹೋಗುವ ಹಾಗೆ ಮಾಡಿ.

ಹೋಸ್ ಮಾತ್ರ ಅಪ್‌ಗ್ರೇಡ್ ಮಾಡಿ. ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ, ಸ್ಟೀಲ್ ಹೆಣೆದ ಹೋಸ್ ಅಷ್ಟು ಉಬ್ಬುವುದಿಲ್ಲ. ಒಳ್ಳೇ ಪ್ಯಾಡ್, ಹೊಸ ಡಾಟ್ 4 ಫ್ಲೂಯಿಡ್ ಸಾಕು. ಈ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸದರ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ್ದಕ್ಕೆ ಕನಿಷ್ಠ 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ. ಡಾಟ್ 5 ಸಿಲಿಕೋನಿನದು, ಅದನ್ನು ಇದಕ್ಕೆ ಬೆರೆಸಬೇಡಿ. ಪೇಂಟ್ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ವೈರಿಂಗಿನಲ್ಲಿ ಆಲ್ಟರ್ನೇಟರಿನಿಂದ ಬರುವ ಮೂರು ಹಳದಿ ವೈರಿನ ಕನೆಕ್ಟರ್ ಹುಡುಕಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಿಸಿ ಏರುತ್ತಿದೆ ಎಂದೇ ಅರ್ಥ, ಕತ್ತರಿಸಿ ಹೊಸದು ಹಾಕಿ. ಕನೆಕ್ಟರ್ ಬಿಚ್ಚಿ, ಇಂಜಿನ್ ಆಫ್ ಇರುವಾಗ ಹಳದಿ ವೈರಿಗೂ ಫ್ರೇಮಿಗೂ ಕಂಟಿನ್ಯುಟಿ ನೋಡಿ, ಇರಬಾರದು. ಇಂಜಿನ್ ಓಡುವಾಗ ಎರಡೆರಡು ವೈರಿನ ನಡುವಿನ ಎಸಿ ವೋಲ್ಟೇಜ್ ಮೂರು ಜೋಡಿಗೂ ಒಂದೇ ಇರಬೇಕು. ಎಲ್ಲ ಜೋಡಿಸಿದ ಮೇಲೆ 5000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ರೆಗ್ಯುಲೇಟರ್ (ಬ್ಯಾಟರಿಗೆ ಹೋಗುವ ವೋಲ್ಟೇಜ್ ಹಿಡಿತದಲ್ಲಿಡುವ ಭಾಗ) ಬದಲಿಸುವಾಗ ಮಾಸ್‌ಫೆಟ್ ಬಗೆಯದು ಹಾಕಿ. ಹಳೇ ಬಗೆಯದಕ್ಕಿಂತ ಕಮ್ಮಿ ಬಿಸಿಯಾಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಸಸ್ಪೆನ್ಷನ್. ಮುಂದಿನ ಚಕ್ರ ನೆಲದಿಂದ ಎತ್ತಿ, ಒಂದೇ ಬೆರಳಿನಿಂದ ಹ್ಯಾಂಡಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ನೇರಕ್ಕೆ ಬಂದಾಗ ಸಣ್ಣಗೆ 'ಟಕ್' ಎಂದು ಕೂತ ಹಾಗಾದರೆ ಹೆಡ್ ಬೇರಿಂಗ್‌ನಲ್ಲಿ ಗುಳಿ ಬಿದ್ದಿದೆ, ಬದಲಿಸಬೇಕು. ಟೇಪರ್ ರೋಲರ್ ಹಾಕಿದರೆ ಇನ್ನೂ ಒಳ್ಳೆಯದು. ಫೋರ್ಕ್ ಆಯಿಲ್ ಹೊರಗೆ ಬಿಡಿ. ಅದು ಬೂದು ಬಣ್ಣಕ್ಕೆ ತಿರುಗಿ ನಾತ ಹೊಡೆಯುತ್ತಿದ್ದರೆ ಆಶ್ಚರ್ಯ ಬೇಡ. ಹೊಸ ಸೀಲ್, ಬುಶ್, ಮ್ಯಾನ್ಯುಯಲ್ ಹೇಳಿದ ಮಟ್ಟಕ್ಕೆ ಹೊಸ ಆಯಿಲ್. ಹಿಂದಿನ ಲಿಂಕೇಜಿನ (ಶಾಕ್ ಅನ್ನು ಹಿಂದಿನ ಚಕ್ರದ ತೋಳಿಗೆ ಸೇರಿಸುವ ಕೊಂಡಿ) ನೀಡಲ್ ಬೇರಿಂಗ್‌ಗಳನ್ನು ತಪ್ಪದೇ ಬಿಚ್ಚಿ. ಗ್ರೀಸ್ ಒಣಗಿ, ತುಕ್ಕು ಹಿಡಿದು ಗಟ್ಟಿಯಾಗಿರುತ್ತವೆ. ಎಷ್ಟೋ ಜನ ಶಾಕ್ ಹೋಗಿದೆ ಅಂದುಕೊಂಡಿರುತ್ತಾರೆ, ಹೋಗಿರುವುದು ಇವು.

ಆಮೇಲೆ ಸ್ಯಾಗ್, ಅಂದರೆ ನಿಮ್ಮ ತೂಕಕ್ಕೆ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಫೋರ್ಕ್ ಟ್ಯೂಬಿಗೆ ಕೇಬಲ್ ಟೈ ಕಟ್ಟಿ, ನೀವು ಗೇರ್ ಹಾಕಿಕೊಂಡು ಕೂತಾಗ ಎಷ್ಟು ಇಳಿಯಿತು ನೋಡಿ. ರಸ್ತೆಗೆ ಮುಂದೆ ಸುಮಾರು 30ರಿಂದ 40 ಮಿಲಿಮೀಟರ್ ಸಾಕು. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಅಡ್ಜಸ್ಟರ್) ಪೂರ್ತಿ ತಿರುಗಿಸಿದರೂ ಜಾಸ್ತಿ ಇಳಿಯುತ್ತಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು. ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ. ನಿಮ್ಮ ದುಡ್ಡಿಗೆ ಇಷ್ಟು ಬೆಲೆ ಬೇರೆ ಯಾವ ಅಪ್‌ಗ್ರೇಡಿನಲ್ಲೂ ಸಿಗುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿರುವಿನ ಮೊದಲು ಬ್ರೇಕ್ ಹಿಡಿದಾಗ ಮೂತಿ ಧುಮುಕುವುದಿಲ್ಲ. ಬೈಕ್ ಮುಂದೇನು ಮಾಡುತ್ತದೆ ಎಂದು ಕೈಗೇ ಗೊತ್ತಾಗುತ್ತದೆ.

180ರ ಟಯರ್ ಬೇಡ. ನಿಮ್ಮ ಹಿಂದಿನ ರಿಮ್ 5 ಇಂಚು, ಅದಕ್ಕೆ ಕಂಪನಿ ಕೊಟ್ಟದ್ದು 160/60-17. 180ಕ್ಕೆ 5.5 ಇಂಚಿನ ರಿಮ್ ಬೇಕು. ಕಿರಿದಾದ ರಿಮ್ಮಿಗೆ ಹಾಕಿದರೆ ಟಯರ್ ಹಿಂಡಿದ ಹಾಗಾಗಿ ಆಕಾರ ಕೆಡುತ್ತದೆ, ತಿರುಗುವುದೂ ಭಾರವಾಗುತ್ತದೆ. ಈಗಿರುವ ಟಯರಿನ ಪಕ್ಕದಲ್ಲಿ ಡಾಟ್ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ನೋಡಿ. 2308 ಅಂತ ಇದ್ದರೆ 2008ರ 23ನೇ ವಾರ ಎಂದರ್ಥ. ಗ್ರೂವ್ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೇ ರಬ್ಬರ್ ಹಿಡಿತ ಕೊಡುವುದಿಲ್ಲ, ಎಸೆಯಿರಿ.

ಚೈನ್, ಸ್ಪ್ರಾಕೆಟ್ ಸೆಟ್ಟಾಗಿ ಬದಲಿಸಿ. ಪಿಕಪ್ ಬೇಕಿದ್ದರೆ ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಮ್ಮಿ ಹಾಕಿ. ಎಕ್ಸಾಸ್ಟ್, ಜೆಟ್ ಕಿಟ್ ಇದೆಲ್ಲ ಆದ ಮೇಲೆ, ಒಂದು ಸೀಸನ್ ಓಡಿಸಿ ನೋಡಿದ ನಂತರ. ಎರಡನ್ನೂ ಒಟ್ಟಿಗೇ ಮಾಡಿ, ಒಂದಕ್ಕೆ ಇನ್ನೊಂದು ಬೇಕೇ ಬೇಕು.

ಮೊದಲ ಓಟ ಚಿಕ್ಕದಿರಲಿ. ವಾಪಸ್ ಬಂದು ಆಕ್ಸಲ್, ಕ್ಯಾಲಿಪರ್, ಹ್ಯಾಂಡಲ್ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ, ಎಲ್ಲಾದರೂ ಸೋರುತ್ತಿದೆಯಾ ನೋಡಿ. ಅದಕ್ಕೂ ಮುಂಚೆ ಕಂಪ್ರೆಷನ್ ಮತ್ತು ವಾಲ್ವ್ ಕ್ಲಿಯರೆನ್ಸ್ ಅಂಕಿ ಸಿಕ್ಕಿದ ಕೂಡಲೇ ನಾಲ್ಕೂ ಸಿಲಿಂಡರಿನದನ್ನು ಇಲ್ಲೇ ಬರೆಯಿರಿ. ಇಂಜಿನ್ ಮುಟ್ಟಬೇಕಾ ಬೇಡವಾ ಅಂತ ಆಗ ನೋಡೋಣ.