ಹೊಟ್ಟೆಗಿಂತ ಕಣ್ಣಿಗೇ ಕೆಲಸ ಜಾಸ್ತಿ

ಟ್ರೈಬಲ್ ಬೆಲ್ಲಿ ಡಾನ್ಸ್ ಯಾವ ಬುಡಕಟ್ಟಿನದು, ಅದನ್ನು ಮಾಡುವವರ ಬದುಕು ಹೇಗಿರುತ್ತೆ, ನಲವತ್ತರ ಹತ್ತಿರ ಬಂದವಳು ಕಲಿಯಬಹುದಾ ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದೇ ಮೂವತ್ತೊಂಬತ್ತಕ್ಕೆ.

ಇದು ಯಾವ ಬುಡಕಟ್ಟಿನದೂ ಅಲ್ಲ. ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1968ರಲ್ಲಿ ಜಮೀಲಾ ಸಲಿಂಪುರ್ ‘ಬಾಲ್ ಅನಾತ್’ ಅನ್ನುವ ತಂಡ ಕಟ್ಟಿದರು. ಅವರ ಶಿಷ್ಯೆ ಮಾಶಾ ಆರ್ಚರ್, ಮಾಶಾ ಅವರ ಶಿಷ್ಯೆ ಕ್ಯಾರೊಲೀನಾ ನೆರಿಚಿಯೊ. ಕ್ಯಾರೊಲೀನಾ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಫ್ಯಾಟ್‌ಚಾನ್ಸ್ ಬೆಲ್ಲಿಡಾನ್ಸ್’ ಶುರು ಮಾಡಿದರು. ‘ನನಗೊಬ್ಬನಿಗೇ ಕುಣಿದು ತೋರಿಸ್ತೀಯಾ’ ಅಂತ ಹಲ್ಲು ಕಿರಿಯುವವರಿಗೆ ‘ಕನಸು ಕಾಣ್ತಿರು’ ಅನ್ನುವ ಉತ್ತರವೇ ಆ ಹೆಸರು. ಇವತ್ತಿಗೂ ಅಂಥವರು ಸಿಗ್ತಾರೆ ಬಿಡಿ. 2020ರಲ್ಲಿ ಕ್ಯಾರೊಲೀನಾ ತಮ್ಮ ಶೈಲಿಯ ಹೆಸರಿನಿಂದ ‘ಟ್ರೈಬಲ್’ ಪದವನ್ನು ತೆಗೆದರು. ಒಳ್ಳೆಯದೇ ಆಯ್ತು.

ನಾನು ಹೊಸಪೇಟೆಯವಳು, ಚಿಕ್ಕಂದಿನಲ್ಲಿ ಏಳು ವರ್ಷ ಭರತನಾಟ್ಯ ಕಲಿತಿದ್ದೆ. ಅದೇ ಇಲ್ಲಿ ಅಡ್ಡ ಬಂತು. ಇದರಲ್ಲಿ ಬಾಯಿಪಾಠ ಮಾಡಿದ ನೃತ್ಯ ಇಲ್ಲ. ಎಡಗಡೆ ಮುಂದೆ ನಿಂತವಳು ಮುಂದಾಳು. ಎಲ್ಲರೂ ಎಡಕ್ಕೆ ಓರೆಯಾಗಿ ನಿಂತು ಅವಳನ್ನೇ ನೋಡಬೇಕು. ಅವಳ ಕೈ ಸ್ವಲ್ಪ ಮೇಲೆ ಹೋಯ್ತು, ತಲೆ ತಿರುಗಿತು ಅಂದ್ರೆ ಮುಂದಿನ ಹೆಜ್ಜೆ ಏನು ಅಂತ ಸನ್ನೆ. ಸಾಲು ತಿರುಗಿ ಜಾಗ ಬದಲಾದರೆ ಮುಂದಾಳೂ ಬದಲು. ಹಿಂದೆ ಅರ್ಧಚಂದ್ರಾಕಾರವಾಗಿ ನಿಂತ ಉಳಿದವರು ಸಣ್ಣ ಹೆಜ್ಜೆ ಹಾಕ್ತಾ ಇರುತ್ತಾರೆ, ನಮ್ಮ ಹಿಮ್ಮೇಳದ ಹಾಗೆ.

ಮೊದಲ ಸಲ ಮುಂದಾಳಾದಾಗ ಅಭ್ಯಾಸಬಲದಿಂದ ಸುಮ್ನೆ ಕೈ ಎತ್ತಿಬಿಟ್ಟೆ. ಹಿಂದಿದ್ದ ಮೂವರೂ ಗಿರ್ರನೆ ಸುತ್ತಿದರು. ನಾನೊಬ್ಬಳೇ ಕಂಬದ ಹಾಗೆ ನಿಂತಿದ್ದೆ.

ಬದುಕು ಅಂದ್ರೆ, ಹಗಲೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್, ವಾರಕ್ಕೆರಡು ಸಂಜೆ ಕ್ಲಾಸು. ದುಡ್ಡು ಬರುತ್ತಾ? ಇಲ್ಲ, ಹೋಗುತ್ತೆ. ಹೋಗುವುದು ಹೆಚ್ಚಾಗಿ ಬಟ್ಟೆಗೆ. ಲಂಗದ ಸುತ್ತಳತೆಯೇ 25 ಗಜ! ಒಗೆದು ಒಣಹಾಕಿದರೆ ಮನೆಯಲ್ಲಿ ಬೇರೇನಕ್ಕೂ ಜಾಗ ಇರಲ್ಲ. ಮೇಲೆ ಚೋಲಿ, ಅಫ್ಘಾನಿಸ್ತಾನದ ಕೂಚಿ ಜನರ ಭಾರದ ಆಭರಣ, ನಡುವಿಗೆ ಕವಡೆ, ಕನ್ನಡಿ, ಉಣ್ಣೆಯ ಗೊಂಡೆ. ಎಲ್ಲಾ ಹಾಕಿಕೊಂಡು ಕನ್ನಡಿ ನೋಡಿದ ದಿನ ನೆನಪಾಗಿದ್ದು ನಮ್ಮ ಕಡೆಯ ತಾಂಡಾದ ಲಂಬಾಣಿ ಅಜ್ಜಿಯರು. ಅಮ್ಮ ವಿಡಿಯೋ ಕಾಲಲ್ಲಿ ನೋಡಿ, ‘ಇದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತೇನೇ?’ ಅಂದಳು.

ಆ ಮಾತು ತಲೆಯಲ್ಲೇ ಉಳೀತು. ಆಮೇಲೆ ಊರಿಗೆ ಹೋದಾಗ ಸಂಡೂರಿಗೆ ಹೋಗಿ ಲಂಬಾಣಿ ಕಸೂತಿ ಪಟ್ಟಿಗಳನ್ನು ತಂದೆ. ಸಂಡೂರಿನ ಈ ಕಸೂತಿಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಅನ್ನುವ ಅಧಿಕೃತ ಗುರುತು, ಇದೆ. ಈಗ ಅವನ್ನೇ ನಡುಪಟ್ಟಿಗೆ ಹೊಲೀತೀನಿ. ಗೆಳತಿಯರು ಕೇಳಿದರೆ ಅದು ಯಾವ ಊರಿನ ಕೆಲಸ, ಯಾರ ಕೈಯದು ಅಂತ ಮೊದಲು ಹೇಳ್ತೀನಿ. ಇಲ್ಲದಿದ್ದರೆ ಎಲ್ಲವೂ ‘ಟ್ರೈಬಲ್’ ಅನ್ನೋ ಒಂದೇ ಗಂಟಿನಲ್ಲಿ ಸೇರಿಬಿಡುತ್ತೆ.

ನೀವು ಕಲಿಯೋದಾದರೆ ಹೊಟ್ಟೆ ಇದೆ ಅಂತ ಹೆದರಬೇಡಿ. ಮೊದಲು ಜಿಲ್ಸ್ ತಗೊಳ್ಳಿ. ಹೆಬ್ಬೆರಳು ಮತ್ತು ನಡುಬೆರಳಿಗೆ ಎಲಾಸ್ಟಿಕ್‌ನಿಂದ ಕಟ್ಟಿಕೊಳ್ಳುವ ಪುಟ್ಟ ಹಿತ್ತಾಳೆ ತಾಳ ಅದು. ಎಲಾಸ್ಟಿಕ್ ಸಡಿಲ ಇದ್ದರೆ ತಾಳ ಹಾರಿಹೋಗುತ್ತೆ, ಬಿಗಿ ಇದ್ದರೆ ಬೆರಳು ನೀಲಿಯಾಗುತ್ತೆ. ಬಲ-ಎಡ-ಬಲ, ಬಲ-ಎಡ-ಬಲ ಅಂತ ಕುದುರೆ ಓಟದ ಲಯದಲ್ಲಿ ಬಾರಿಸ್ತಾ ಮನೆ ತುಂಬಾ ನಡೀರಿ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯವರಿಗೆ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ.