ಜೆಲ್ ಪಾಲಿಷ್ ಹಾಕಿದ ಮೇಲೆ ತುರಿಕೆ ಬಂದರೆ

ಬದಿಯಡ್ಕದ ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಪಾರ್ಲರಿನಲ್ಲಿ ಒಬ್ಬ ಮದುಮಗಳಿಗೆ ಜೆಲ್ ಪಾಲಿಷ್ (ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಯಾಗುವ ಉಗುರು ಬಣ್ಣ) ಹಾಕಿದ್ದೀರಿ, ಎರಡು ದಿನ ಬಿಟ್ಟು ಉಗುರಿನ ಸುತ್ತ ಕೆಂಪಾಗಿ ತುರಿಕೆ, ಕಣ್ಣಿನ ರೆಪ್ಪೆಯೂ ಊದಿದೆ. ಅಲರ್ಜಿ ಆಗದ ಕಂಪನಿ ಯಾವುದು ಅಂತ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಒಬ್ಬೊಬ್ಬರು ಒಂದೊಂದು ಬ್ರ್ಯಾಂಡ್ ಹೇಳಿದ್ದಾರೆ. ನಾನು ಬ್ರ್ಯಾಂಡ್ ಹೇಳುವುದಿಲ್ಲ. ಯಾರಿಗೂ ಅಲರ್ಜಿ ಆಗದ ಜೆಲ್ ಅಂತ ಒಂದಿಲ್ಲ. ಅಪಾಯ ಕಡಿಮೆ ಇರುವ ಬಾಟಲಿ ಇದೆ, ಅದನ್ನು ಚರ್ಮಕ್ಕೆ ತಾಗಿಸದೆ ಹಾಕುವ ಕ್ರಮ ಇದೆ. ಬಾಟಲಿ ಬದಲಿಸಿ ಕೈಕೆಲಸ ಹಳೆಯ ಹಾಗೇ ಇಟ್ಟರೆ ದುಡ್ಡು ಖರ್ಚು ಅಷ್ಟೇ.

ಮೊದಲು ಆ ಹುಡುಗಿಯ ವಿಷಯ. ಜೆಲ್ ತೆಗೆಸಿ ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಇದೆ. ಮಂಗಳೂರು ಕಡೆಯ ಆಸ್ಪತ್ರೆಗೆ ಹೋಗುವುದಾದರೆ ಆ ಟೆಸ್ಟ್ ಉಂಟಾ ಅಂತ ಮೊದಲೇ ಫೋನ್ ಮಾಡಿ ಕೇಳಲಿ. ಹೋಗುವಾಗ ನೀವು ಹಾಕಿದ ಬೇಸ್, ಕಲರ್, ಟಾಪ್ ಮೂರರದ್ದೂ ಡಬ್ಬಿ ಕೊಟ್ಟು ಕಳಿಸಿ. ಅದು ಅಕ್ರಿಲೇಟ್ (ಜೆಲ್ಲನ್ನು ಗಟ್ಟಿ ಮಾಡುವ ರಾಸಾಯನಿಕಗಳು) ಅಲರ್ಜಿ ಅಂತ ಗೊತ್ತಾದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಲ್ಲಿನ ಫಿಲ್ಲಿಂಗ್, ಮೂಳೆ ಆಪರೇಷನ್ನಿನ ಸಿಮೆಂಟ್, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸುವ ಸೆನ್ಸರಿನ ಗೋಂದು, ಇವೆಲ್ಲದರಲ್ಲೂ ಇದೇ ಜಾತಿಯ ಪದಾರ್ಥಗಳಿವೆ. ಮುಂದೆ ದಂತವೈದ್ಯರ ಹತ್ತಿರ ಹೋದಾಗ ಅವಳು ಇದನ್ನು ಹೇಳಲೇಬೇಕು.

ಎಲ್ಲಿ ತುರಿಸುತ್ತದೆ ಅಂತ ಕೇಳುವುದು ಒಳ್ಳೆಯ ಸುಳಿವು. ಉಗುರಿನ ಸುತ್ತ ಕೆಂಪಾಗಿ, ಬೆರಳ ತುದಿ ಒಣಗಿ ಬಿರುಕು ಬಿಟ್ಟರೆ ಜೆಲ್ ಅಥವಾ ಅಕ್ರಿಲಿಕ್ ಉಗುರಿನ ಮೇಲೆ ಅನುಮಾನ. ಬೆರಳಿಗೆ ಏನೂ ಇಲ್ಲ, ರೆಪ್ಪೆ ಮತ್ತು ಕುತ್ತಿಗೆ ಮಾತ್ರ ಕೆಂಪು ಅಂದರೆ ಮಾಮೂಲಿ ನೈಲ್ ಪಾಲಿಷ್ ಇರಬಹುದು. ಅದರಲ್ಲಿರುವ ಟೋಸಿಲಮೈಡ್ ಫಾರ್ಮಾಲ್ಡಿಹೈಡ್ ರೆಸಿನ್ ಹಳೆಯ ಅಪರಾಧಿ. ನಾವು ಗೊತ್ತಿಲ್ಲದೆ ದಿನಕ್ಕೆ ಎಷ್ಟೋ ಸಲ ಮುಖ ಮುಟ್ಟುತ್ತೇವೆ, ರೆಪ್ಪೆಯ ಚರ್ಮವೋ ತೀರಾ ತೆಳು. ನಿಮ್ಮ ಹುಡುಗಿಗೆ ಎರಡೂ ಕಡೆ ಬಂದಿದೆ, ಹಾಗಾಗಿ ನನಗೆ ಜೆಲ್ ಮೇಲೆಯೇ ಸಂಶಯ.

ಈಗ ಬಾಟಲಿ. ಜೆಲ್ಲಿನಲ್ಲಿ ಜಾಸ್ತಿ ತೊಂದರೆ ಕೊಡುವುದು ಹೆಮಾ, ಅಂದರೆ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಯುರೋಪಿನಲ್ಲಿ ಹೆಮಾ ಇರುವ ಉಗುರಿನ ಸಾಮಾನನ್ನು ಪಾರ್ಲರಿನವರು ಮಾತ್ರ ಬಳಸಬೇಕು ಅಂತ 2020ರಲ್ಲಿ ನಿಯಮ ಮಾಡಿದರು, ಅಲರ್ಜಿ ಆಗಬಹುದು ಅಂತ ಬಾಟಲಿ ಮೇಲೆ ಬರೆಯಲೂಬೇಕು. ಆದ್ದರಿಂದ 'ಹೆಮಾ ಫ್ರೀ' ತಗೊಳ್ಳುವುದು ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಹೆಮಾ ತೆಗೆದು ಅದರ ತಂಗಿ ಹೈಡ್ರಾಕ್ಸಿಪ್ರೊಪೈಲ್ ಮೆಥಾಕ್ರಿಲೇಟ್ ಹಾಕಿದವರಿದ್ದಾರೆ. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಬರುವುದು ಮಾಮೂಲು. ಡಬ್ಬಿ ಹಿಂದೆ ಅಕ್ರಿಲೇಟ್, ಮೆಥಾಕ್ರಿಲೇಟ್ ಅಂತ ಕೊನೆಯಾಗುವ ಹೆಸರುಗಳನ್ನು ಹುಡುಕಿ. ಜೆಲ್ ಅಂದ ಮೇಲೆ ಯಾವುದಾದರೂ ಒಂದು ಇದ್ದೇ ಇರುತ್ತದೆ. ಅದಕ್ಕೇ ಒಮ್ಮೆ ಅಲರ್ಜಿ ಆದವರಿಗೆ ಹೆಮಾ ಫ್ರೀ ಕೂಡ ಹಾಕಬೇಡಿ.

ಮೇಲೆ ಒಬ್ಬರು 'ಟೆನ್ ಫ್ರೀ ತಗೊಳ್ಳಿ' ಅಂದಿದ್ದಾರೆ. ಎಷ್ಟು ರಾಸಾಯನಿಕ ಹಾಕಿಲ್ಲ ಅಂತ ಹೇಳುವ ಈ ಲೆಕ್ಕ ಶುರುವಾದದ್ದು ಮಾಮೂಲಿ ಪಾಲಿಷಿನಲ್ಲಿ. ತ್ರೀ ಫ್ರೀ ಅಂದರೆ ಟಾಲ್ವೀನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಇಲ್ಲ. ಫೈವ್ ಫ್ರೀ ಅಂದರೆ ಸಾಮಾನ್ಯವಾಗಿ ಕರ್ಪೂರ ಮತ್ತು ಫಾರ್ಮಾಲ್ಡಿಹೈಡ್ ರೆಸಿನ್ ಕೂಡ ಇಲ್ಲ. ಅದರಿಂದ ಮೇಲಿನದ್ದು ಕಂಪನಿಗೊಂದು ಪಟ್ಟಿ. ಹೆಮಾ ಆ ಪಟ್ಟಿಯಲ್ಲಿ ಇರಲೇಬೇಕೆಂದೇನೂ ಇಲ್ಲ. 'ಹೈಪೋಅಲರ್ಜೆನಿಕ್' ಅನ್ನುವುದೂ ಹಾಗೆಯೇ, ಸುಮ್ನೆ ನಂಬಬೇಡಿ. ಇನ್ನೊಬ್ಬರು ಟಿಪಿಒ, ಅಂದರೆ ಲ್ಯಾಂಪಿನ ಬೆಳಕಿಗೆ ಜೆಲ್ ಗಟ್ಟಿಯಾಗಲು ಹಾಕುವ ರಾಸಾಯನಿಕದ ಬಗ್ಗೆ ಬರೆದಿದ್ದಾರೆ. ಅದನ್ನು ಯುರೋಪಿನಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಲ್ಲಿಸಿದ್ದು ನಿಜ, ಆದರೆ ಕಾರಣ ಸಂತಾನಶಕ್ತಿಯ ಮೇಲಿನ ಅಪಾಯ, ಅಲರ್ಜಿ ಅಲ್ಲ.

ನಮ್ಮ ಕಡೆ ಇನ್ನೊಂದು ಕಷ್ಟ ಗಲ್ಫಿನಿಂದ ಬಂದ ಬಾಟಲಿಗಳು. ಮನೆಯವರು ಪ್ರೀತಿಯಿಂದ ತಂದದ್ದು, ಡಬ್ಬಿ ಅಲ್ಲೇ ಬಿಸಾಡಿ ಬಾಟಲಿ ಮಾತ್ರ ಸೂಟ್‌ಕೇಸಿಗೆ ಹಾಕಿರುತ್ತಾರೆ. ಒಳಗೆ ಏನಿದೆ ಅಂತ ಆ ಪುಟ್ಟ ಬಾಟಲಿಯ ಮೇಲೆ ಬರೆದಿರುವುದಿಲ್ಲ. ಪಾರ್ಲರಿಗೆ ಅದು ಬೇಡ. ಇಲ್ಲಿ ಕಾನೂನು ಪ್ರಕಾರ ಮಾರುವ ವಿದೇಶಿ ಸಾಮಾನಿನಲ್ಲಿ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ನಂಬರ್ ಇರಬೇಕು. ಅದಿಲ್ಲದ್ದು ಎಷ್ಟು ಅಗ್ಗವಾದರೂ ಬಿಡಿ.

ಬಾಟಲಿಗಿಂತ ಕೈಕೆಲಸ ದೊಡ್ಡದು ಅಂದೆ ಅಲ್ವಾ? ಲ್ಯಾಂಪಿನಲ್ಲಿ ಪೂರ್ತಿ ಕ್ಯೂರ್ ಆದ, ಅಂದರೆ ಗಟ್ಟಿಯಾದ ಜೆಲ್ ಹೆಚ್ಚು ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಹಸಿ ಜೆಲ್ಲಿನಲ್ಲಿ. ಒಂದು ಕಂಪನಿಯ ಜೆಲ್, ಇನ್ನೊಂದರ ಲ್ಯಾಂಪ್ ಆದರೆ ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ಹಸಿ ಉಳಿಯುತ್ತದೆ. ಜೆಲ್ ಕಂಪನಿ ಹೇಳಿದ ಲ್ಯಾಂಪೇ ಬಳಸಿ. ತೆಳುವಾಗಿ ಹಚ್ಚಿ. ನಾಲ್ಕು ಬೆರಳಿನ ಜೊತೆ ಹೆಬ್ಬೆರಳನ್ನೂ ತೂರಿಸಿದರೆ ಅದರ ಉಗುರು ಓರೆಯಾಗಿ ನಿಂತು ಒಂದು ಬದಿಗೆ ಬೆಳಕೇ ಬೀಳುವುದಿಲ್ಲ, ಅದನ್ನು ಬೇರೆಯಾಗಿ ಇಡಿಸಿ. ಉಗುರಿನ ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ. ಚರ್ಮಕ್ಕೆ ತಾಗಿದರೆ ಲ್ಯಾಂಪಿಗೆ ಇಡುವ ಮೊದಲೇ ಒರೆಸಿ. ಕೊನೆಗೆ ಮೇಲೆ ಉಳಿಯುವ ಅಂಟು ಕೂಡ ಹಸಿಯೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಪ್ಯಾಡಿನಿಂದ ಉಗುರಿನ ಮೇಲಷ್ಟೇ ಒರೆಸಿ, ಅದೇ ಪ್ಯಾಡನ್ನು ಬೆರಳ ಸುತ್ತ ಸವರಬೇಡಿ.

ಹೇರ್ ಡೈಗೆ ಮಾಡುವ ಹಾಗೆ ಹಸಿ ಜೆಲ್ಲನ್ನು ಕಿವಿ ಹಿಂದೆ ಹಚ್ಚಿ ಟೆಸ್ಟ್ ಮಾಡಬೇಡಿ. ಇಲ್ಲದ ಅಲರ್ಜಿಯನ್ನು ನಾವೇ ಹುಟ್ಟಿಸಿದ ಹಾಗಾಗುತ್ತದೆ. ಅದರ ಬದಲು ಕೇಳಿ: ಹಿಂದೆ ಜೆಲ್ಲಿಗೆ ತುರಿಸಿದೆಯಾ? ಈ ವಾರ ಹಸಿ ಗೇರುಬೀಜ ಸೀಳಿದ್ದೀರಾ, ಅಡಿಕೆ ಸುಲಿದಿದ್ದೀರಾ? ಸೊನೆ ತಾಗಿ ಸಿಪ್ಪೆ ಏಳುತ್ತಿರುವ ಬೆರಳಿಗೆ ಜೆಲ್ ಹಾಕಬಾರದು. ಕ್ಯೂಟಿಕಲ್ (ಉಗುರಿನ ಬುಡದ ತೆಳು ಚರ್ಮ) ಕತ್ತರಿಸಿದ ದಿನವೂ ಬೇಡ.

ನಿಮ್ಮ ಕೈ ಮರೆಯಬೇಡಿ ಅಕ್ಕಾ, ಗಿರಾಕಿಗಿಂತ ಅಪಾಯ ಜಾಸ್ತಿ ನಮಗೇ. ಹಸಿ ಜೆಲ್ ತೆಳು ನೈಟ್ರೈಲ್ ಗ್ಲೌಸನ್ನೂ ಕೆಲವೇ ನಿಮಿಷದಲ್ಲಿ ದಾಟುತ್ತದೆ, ಲ್ಯಾಟೆಕ್ಸ್ ಅದಕ್ಕಿಂತ ಕಡೆ. ನೈಟ್ರೈಲೇ ಹಾಕಿ, ಜೆಲ್ ತಾಗಿದ ಕೂಡಲೇ ಬದಲಿಸಿ. ಬಾಟಲಿ ಮುಚ್ಚಳದ ಅಂಟು ಒರೆಸಿಡಿ. ಫೈಲ್ ಮಾಡುವಾಗ ಮಾಸ್ಕ್ ಬೇಕು.

ಆ ಹುಡುಗಿಗೆ ಈಗ ಏನು ಹಾಕಬಹುದು ಅಂದರೆ, ತುರಿಕೆ ಪೂರ್ತಿ ಇಳಿದ ಮೇಲೆ ಉಗುರು ಬಫ್ ಮಾಡಿ ಹೊಳಪು ಕೊಡಿ. ಡಾಕ್ಟರ್ ಒಪ್ಪಿದರೆ ಮೊದಲು ಹೇಳಿದ ಫಾರ್ಮಾಲ್ಡಿಹೈಡ್ ರೆಸಿನ್ ಇಲ್ಲದ ಮಾಮೂಲಿ ಪಾಲಿಷ್, ಮೊದಲು ಒಂದೆರಡು ಉಗುರಿಗೆ ಮಾತ್ರ. ಅಂಟಿಸುವ ಉಗುರಿನ ಗೋಂದು ಸಯನೋಅಕ್ರಿಲೇಟ್, ಅದಕ್ಕೂ ಕೆಲವರಿಗೆ ಅಲರ್ಜಿ ಇದೆ, ನಾನಾದರೆ ಹಾಕುವುದಿಲ್ಲ. ಮನೆಯಲ್ಲಿ ಸೊಪ್ಪು ಅರೆದ ಮದರಂಗಿ ಸಾಕು. ಕಪ್ಪು ಬಣ್ಣದ ಕೋನ್ ಮಾತ್ರ ಬೇಡವೇ ಬೇಡ, ಅದರಲ್ಲಿ ಹೇರ್ ಡೈಯಲ್ಲಿರುವ ಪಿಪಿಡಿ ಅನ್ನುವ ಅಲರ್ಜಿ ತರುವ ರಾಸಾಯನಿಕ ಬೆರೆಸಿರುತ್ತಾರೆ.

ನೀವು ಬಳಸಿದ ಜೆಲ್ಲಿನ ಡಬ್ಬಿ ಇದ್ದರೆ ಹಿಂಬದಿಯ ಫೋಟೋ ಇಲ್ಲೇ ಹಾಕಿ, ಲ್ಯಾಂಪ್ ಯಾವುದು ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.