‘ಟೆನ್ಷನ್ ಬಿಡು, ತಾನಾಗೇ ಆಗುತ್ತೆ’ ಅನ್ನುವವರ ನಡುವೆ

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಮದುವೆಯಾಗಿ ಏಳು ವರ್ಷವಾಯಿತು, ಮಕ್ಕಳಾಗಿಲ್ಲ. ಮೂರು ಸಲ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮಾಡಿಸಿದೆವು. ಹೋದ ತಿಂಗಳು ಮೊದಲ ಐವಿಎಫ್ (ಅಂಡ, ವೀರ್ಯ ಲ್ಯಾಬಿನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದು) ಕೂಡ ಫೇಲ್ ಆಯಿತು. ಇಬ್ಬರ ರಿಪೋರ್ಟ್‌ಗಳೂ ಸರಿಯಾಗೇ ಇವೆ, ಕಾರಣ ಗೊತ್ತಾಗುತ್ತಿಲ್ಲ ಅನ್ನುತ್ತಾರೆ. ಎಂಬ್ರಿಯೋ (ಭ್ರೂಣ) ಹಾಕಿದ ಮೇಲೆ ಎಲ್ಲರೂ ‘ಆರಾಮಾಗಿರು’ ಅಂದರು. ನನ್ನಿಂದ ಆಗಲಿಲ್ಲ. ಒಂಬತ್ತನೇ ದಿನ ಆಫೀಸಿನಲ್ಲಿ ಮಾತಿಗೆ ಮಾತು ಬೆಳೆದು, ಬಾತ್‌ರೂಮಿಗೆ ಹೋಗಿ ಜೋರಾಗಿ ಅತ್ತುಬಿಟ್ಟೆ. ಅದಕ್ಕೇ ಹೋಯಿತು ಅಂತ ರಾತ್ರಿಯೆಲ್ಲ ಅನ್ನಿಸುತ್ತದೆ. ಅತ್ತೆ, ಅಕ್ಕ, ಜೊತೆ ಕೆಲಸ ಮಾಡುವವರು, ಎಲ್ಲರದ್ದೂ ಒಂದೇ ಮಾತು: ‘ನೀನು ಟೆನ್ಷನ್ ಜಾಸ್ತಿ ಮಾಡ್ಕೊಳ್ತೀಯ. ಬಿಟ್ಟುಬಿಡು, ತಾನಾಗೇ ಆಗುತ್ತೆ.’ ಈ ನಡುವೆ ನಾದಿನಿಗೆ ಮಗುವಾಗಿದೆ. ಫೋಟೋ ಬಂದಾಗ ಫೋನನ್ನು ಬೋರಲು ಹಾಕಿ ಇಟ್ಟೆ. ಮೂರು ವಾರವಾದರೂ ನೋಡಲು ಹೋಗಿಲ್ಲ. ಅವಳು ನನಗೆ ತಂಗಿ ಥರ. ಅವಳ ಕೂಸಿನ ಮೇಲೂ ಹೊಟ್ಟೆಕಿಚ್ಚು ಪಡುವಷ್ಟು ಕೆಟ್ಟವಳಾಗಿಬಿಟ್ಟೆನಾ? ನಮ್ಮ ಮನೆಯವರ ಹತ್ತಿರ ಈ ಮಾತು ತೆಗೆದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ.
ಹೆಸರು ಬೇಡ

ಉತ್ತರ: ಮೊದಲು ಆ ಒಂಬತ್ತನೇ ದಿನದ ಮಾತಾಡೋಣ. ಮಿಕ್ಕಿದ್ದು ಆಮೇಲೆ.

ನೀವು ಅತ್ತಿದ್ದರಿಂದ ಎಂಬ್ರಿಯೋ ಹೋಗಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಐದು ದಿನ ಬೆಳೆಸಿದ ಎಂಬ್ರಿಯೋ ಹಾಕಿದ್ದರೆ, ಅದು ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ಮೊದಲ ನಾಲ್ಕೈದು ದಿನಗಳಲ್ಲಿ. ನೀವು ಆ ಬಾತ್‌ರೂಮಿನ ಚಿಲಕ ಹಾಕಿಕೊಳ್ಳುವ ಹೊತ್ತಿಗೆ ಅಂಟುವ ದಿನಗಳು ದಾಟಿಹೋಗಿದ್ದವು. ಇನ್ನೂ ಹಿಂದಕ್ಕೆ ಹೋದರೆ, ಎಂಬ್ರಿಯೋ ನಿಲ್ಲದಿರಲು ಬಹಳಷ್ಟು ಸಲ ಕಾರಣ ಅದರೊಳಗಿನ, ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮುಗಳ ಲೆಕ್ಕ ತಪ್ಪಿರುವುದು. ಅದು ಎಂಬ್ರಿಯೋ ನಿಮ್ಮೊಳಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಅದನ್ನು ತಪ್ಪಿಸಲು ನಿಮ್ಮ ನಗುವಿಗೂ ಆಗುತ್ತಿರಲಿಲ್ಲ.

ಟೆನ್ಷನ್ ವಿಷಯವನ್ನು ಅಳೆದು ನೋಡಿದವರೂ ಇದ್ದಾರೆ. ಜಾಕಿ ಬೋಯ್ವಿನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 14 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅವುಗಳಲ್ಲಿ ಒಟ್ಟು 3,583 ಹೆಂಗಸರಿದ್ದರು. ಚಿಕಿತ್ಸೆ ಶುರುವಾಗುವ ಮೊದಲು ಯಾರಿಗೆ ಎಷ್ಟು ಆತಂಕ, ಎಷ್ಟು ಬೇಸರ ಎಂದು ಅಳೆದಿದ್ದರು. ಆ ಸುತ್ತಿನಲ್ಲಿ ಗರ್ಭ ನಿಂತವರಿಗೂ ನಿಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಪುಟವನ್ನು ಕತ್ತರಿಸಿ ಅಕ್ಕನಿಗೆ ಕೊಡುವುದಾದರೆ ಕೊಡಿ.

ಈ ‘ಟೆನ್ಷನ್ ಬಿಡು’ ಎಷ್ಟು ಭಾರ ಅಂತ ನನಗೆ ಗೊತ್ತು. ಕೌನ್ಸೆಲರ್ ಆಗುವ ಮೊದಲು ನಾನೂ ನೀವು ಕೂತ ಕುರ್ಚಿಯಲ್ಲೇ ಕೂತವಳು. ಆರು ವರ್ಷ. ಮನೆಗೆ ಬಂದವರು ಫ್ರಿಜ್ ತೆಗೆದರೆ ಕಾಣಬಾರದು ಎಂದು ಇಂಜೆಕ್ಷನ್ ಪೆಟ್ಟಿಗೆಯನ್ನು ತರಕಾರಿ ಟ್ರೇ ಕೆಳಗೆ ಬಚ್ಚಿಡುತ್ತಿದ್ದೆ. ಬೆಳಿಗ್ಗೆ ಸ್ಕ್ಯಾನಿಂಗ್, ಹತ್ತಕ್ಕೆ ಕೆಲಸ, ರಾತ್ರಿ ಒಂಬತ್ತಕ್ಕೆ ಸೂಜಿ. ಇದರ ಮಧ್ಯೆ ಆರಾಮಾಗಿರುವುದೂ ನನಗೊಂದು ಔಷಧಿಯೇ ಆಗಿಹೋಗಿತ್ತು. ಅದನ್ನು ಒಂದು ಹೊತ್ತು ತಪ್ಪಿಸಿದರೂ ಮುಂದೆ ಬರುವ ಸೋಲಿಗೆಲ್ಲ ನಾನೇ ಹೊಣೆ ಅನ್ನಿಸುತ್ತಿತ್ತು. ಹೇಳುವವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಆ ಮಾತಿನಿಂದ ಸೋಲಿನ ಲೆಕ್ಕ ಪೂರ್ತಿ ಹೆಂಗಸಿನ ಹೆಸರಿಗೆ ಬರುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ರಿಪೋರ್ಟಿನಲ್ಲಿ ಕಾರಣ ಸಿಕ್ಕಿಲ್ಲ. ಕಾಗದದಲ್ಲಿ ಕಾರಣ ಸಿಗದಿದ್ದಾಗ ನಾವು ಅದನ್ನು ನಮ್ಮೊಳಗೇ ಹುಡುಕುತ್ತೇವೆ. ಅವತ್ತು ಮೆಟ್ಟಿಲು ಹತ್ತಿದೆ, ಅವತ್ತು ಸಿಟ್ಟು ಮಾಡಿದೆ, ಅವತ್ತು ಅತ್ತುಬಿಟ್ಟೆ. ತಪ್ಪು ನನ್ನದೇ ಆಗಿದ್ದರೆ ಮುಂದಿನ ಸಲ ನಾನೇ ಸರಿಮಾಡಬಹುದಲ್ಲ ಎಂಬ ಸಣ್ಣ ಆಸೆ ಅದರ ಹಿಂದೆ ಇರುತ್ತದೆ. ಏನೂ ನಮ್ಮ ಕೈಯಲ್ಲಿರಲಿಲ್ಲ ಅಂತ ಒಪ್ಪಿಕೊಳ್ಳುವುದಕ್ಕಿಂತ ತಪ್ಪು ಹೊತ್ತುಕೊಳ್ಳುವುದೇ ಸುಲಭ ಅನ್ನಿಸುತ್ತದೆ. ಮುಂದಿನ ಸಲ ರಾತ್ರಿ ಆ ಯೋಚನೆ ಬಂದಾಗ ‘ಇದು ಸತ್ಯವಾ, ಇಲ್ಲ ಕಾರಣ ಹುಡುಕುವ ನನ್ನ ಅಭ್ಯಾಸವಾ’ ಅಂತ ಒಂದು ಸಲ ಕೇಳಿಕೊಳ್ಳಿ. ಬರೆದಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಹೊಟ್ಟೆಕಿಚ್ಚು. ನಾದಿನಿಯ ಮಗು ಅವಳಿಗೆ ಇರಬಾರದಿತ್ತು ಅಂತ ನಿಮಗೆ ಅನ್ನಿಸಿದೆಯಾ? ನಿಮ್ಮ ಪತ್ರದಲ್ಲಿ ಎಲ್ಲೂ ಹಾಗಿಲ್ಲ. ‘ನನಗೂ ಬೇಕಿತ್ತು’ ಅನ್ನುವುದಷ್ಟೇ ಅದರಲ್ಲಿ ನನಗೆ ಕೇಳಿಸಿತು. ಅದು ದುಃಖ. ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇಂಥ ದುಃಖಕ್ಕೇ ಒಂದು ಹೆಸರು ಕೊಟ್ಟರು. ಸುತ್ತಲಿನವರು ದುಃಖ ಅಂತಲೇ ಒಪ್ಪದ, ಪಡಲು ನಿಮಗೆ ಹಕ್ಕೇ ಇಲ್ಲ ಅನ್ನುವ ದುಃಖ ಅದು. ಯಾರಾದರೂ ತೀರಿಕೊಂಡರೆ ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ನಿಮ್ಮ ಎಂಬ್ರಿಯೋ ಹೋದ ದಿನ ಯಾರು ಬಂದರು? ಮರುದಿನ ಕೆಲಸಕ್ಕೆ ಹೋದಿರಿ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞೆ ಆಲಿಸ್ ಡೋಮರ್ ತಂಡ 1993ರಲ್ಲಿ ಮಕ್ಕಳಾಗದ ಹೆಂಗಸರ ಆತಂಕ, ಖಿನ್ನತೆಯನ್ನು ಅಳೆದಾಗ, ಅದು ಕ್ಯಾನ್ಸರ್ ರೋಗಿಗಳ ಮಟ್ಟಕ್ಕೇ ಬಂದಿತ್ತು. ಆದ್ದರಿಂದ ‘ಇಷ್ಟಕ್ಕೆಲ್ಲ ಯಾಕೆ ಅಳ್ತೀಯ’ ಎಂಬ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳುವುದನ್ನಾದರೂ ನಿಲ್ಲಿಸಿ.

ಮಗುವನ್ನು ನೋಡಲು ಹೋಗಿ. ಇವತ್ತೇ ಬೇಡ. ನಾದಿನಿಗೆ ಮೊದಲು ಒಂದು ಮೆಸೇಜ್ ಹಾಕಿ: ‘ನಿನ್ನ ಮಗುವನ್ನು ನೋಡಬೇಕು ಅಂತ ತುಂಬಾ ಇದೆ. ನನಗೆ ಸ್ವಲ್ಪ ಟೈಮ್ ಬೇಕು. ನಿನ್ನ ಮೇಲೆ ಬೇಸರವಿಲ್ಲ.’ ತಂಗಿಯಂಥವಳು ಅಂದಿದ್ದೀರಿ, ಅವಳಿಗೆ ಅರ್ಥವಾಗುತ್ತದೆ. ಮೂರು ವಾರದ ನಿಮ್ಮ ಮೌನಕ್ಕೆ ಅವಳು ಏನೇನು ಅರ್ಥ ಹಚ್ಚಿಕೊಂಡು ಕೂತಿದ್ದಾಳೋ. ಹೋಗುವಾಗ ಜನ ಇಲ್ಲದ ಹೊತ್ತು ನೋಡಿ. ಅರ್ಧ ಗಂಟೆ ಸಾಕು. ಕೈಗೆ ತೆಗೆದುಕೊಳ್ಳಲು ಆಗದಿದ್ದರೆ ತೆಗೆದುಕೊಳ್ಳಬೇಡಿ, ಪಕ್ಕದಲ್ಲಿ ಕೂತು ನೋಡಿ. ಬರುವಾಗ ದಾರಿಯಲ್ಲಿ ಅಳು ಬಂದರೆ ಅಳಿ.

ನಿಮ್ಮ ಮನೆಯವರು ಟಿವಿ ಸೌಂಡ್ ಜಾಸ್ತಿ ಮಾಡುವುದನ್ನು ನಾನು ಅಸಡ್ಡೆ ಅಂದುಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಸೂಜಿ ಚುಚ್ಚುವ ಕೆಲಸ ನನ್ನವರದ್ದು. ಅವರು ಚುಚ್ಚುವ ಮುಂಚೆ ಉಸಿರು ಬಿಗಿಹಿಡಿಯುತ್ತಿದ್ದರು. ಸೂಜಿ ಹೊರಗೆ ಬಂದ ಮೇಲೆ ತಾವೇ ಹೋಗಿ ನೀರು ಕುಡಿಯುತ್ತಿದ್ದರು. ಒಂದು ಮಾತೂ ಇಲ್ಲ. ಅದು ಹೆದರಿಕೆ ಅಂತ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಒಂದು ಉಪಾಯ ಹೇಳುತ್ತೇನೆ, ನನ್ನ ಹತ್ತಿರ ಬರುವ ದಂಪತಿಗಳಿಗೂ ಇದನ್ನೇ ಹೇಳುವುದು. ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಈ ವಿಷಯಕ್ಕೆ ಇಡಿ. ಗಡಿಯಾರ ನೋಡಿ ಹತ್ತು ನಿಮಿಷ ನೀವು, ಹತ್ತು ನಿಮಿಷ ಅವರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಪರಿಹಾರ ಹೇಳಬಾರದು, ಸುಮ್ನೆ ಕೇಳಬೇಕು. ಅವರ ಹತ್ತು ನಿಮಿಷದಲ್ಲಿ ಅವರು ಬಾಯಿ ಬಿಡದಿದ್ದರೆ ಸುಮ್ಮನೆ ಜೊತೆಗೆ ಕೂತಿರಿ. ಇಪ್ಪತ್ತು ನಿಮಿಷ ಆದ ಮೇಲೆ ನಾಳೆಯವರೆಗೆ ಆ ಮಾತಿಲ್ಲ. ಮಾತು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿದ್ದರೆ ಎಷ್ಟೋ ಗಂಡಸರು ಶುರು ಮಾಡಲು ಹೆದರುವುದಿಲ್ಲ.

ಎರಡನೇ ಐವಿಎಫ್‌ಗೆ ಅವಸರ ಬೇಡ. ಅದಕ್ಕೆ ಮೊದಲು ಒಬ್ಬ ಕೌನ್ಸೆಲರನ್ನು ನೋಡಿ. ಎರಡು ವಾರ ಬಿಡದೆ ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮನೋವೈದ್ಯರನ್ನೇ ನೋಡಿ. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಹೋಗಿ. ಮನಸ್ಸಿಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಐವಿಎಫ್‌ಗೋಸ್ಕರ ನೀವಾಗಿ ನಿಲ್ಲಿಸಬೇಡಿ. ಮನೋವೈದ್ಯರಿಗೂ ಐವಿಎಫ್ ಡಾಕ್ಟರಿಗೂ ತಿಳಿಸಿ, ಅವರಿಬ್ಬರೂ ಮಾತಾಡಿಕೊಂಡು ಹೇಳಲಿ.

ಪ್ರಶ್ನೆ: ನಾನು ತಾಯಿ. ಮಗಳಿಗೆ ಮದುವೆಯಾಗಿ ಐದು ವರ್ಷ, ಚಿಕಿತ್ಸೆ ನಡೆಯುತ್ತಿದೆ. ‘ಏನಾದ್ರೂ ವಿಶೇಷನಾ?’ ಅಂತ ಕೇಳಿದರೆ ಸಿಟ್ಟು. ಕೇಳದಿದ್ದರೆ ‘ನಿನಗೆ ನನ್ನ ಚಿಂತೆಯೇ ಇಲ್ಲ’ ಅನ್ನುತ್ತಾಳೆ. ಈಗ ಫೋನೇ ಎತ್ತುವುದಿಲ್ಲ. ನಾನೇನು ಮಾಡಲಿ?

ಉತ್ತರ: ಅಮ್ಮಾ, ‘ವಿಶೇಷ’ ಎನ್ನುವ ಮಾತನ್ನು ಸದ್ಯಕ್ಕೆ ಬಿಡಿ. ಆ ಪ್ರಶ್ನೆಗೆ ಪ್ರತಿ ತಿಂಗಳು ಅವಳು ‘ಇಲ್ಲ’ ಎಂದೇ ಹೇಳಬೇಕು. ಬೇರೆಯವರಿಗೆ ಹೇಳುವುದಕ್ಕಿಂತ ತಾಯಿಗೆ ‘ಇಲ್ಲ’ ಅನ್ನುವುದು ಹೆಚ್ಚು ಕಷ್ಟ. ನಿಮಗೆ ಕೊಡಬೇಕಾದ್ದೇನೋ ಕೊಡಲಾಗುತ್ತಿಲ್ಲ ಅಂತ ಅವಳಿಗೆ ಅನ್ನಿಸುತ್ತಿರುತ್ತದೆ.

ಫೋನ್ ಎತ್ತದಿದ್ದರೆ ಮೆಸೇಜ್ ಕಳಿಸಿ. ‘ಉತ್ತರ ಬರೆಯಬೇಕಾಗಿಲ್ಲ ಕಂದಾ, ನೆನಪಾಯಿತು ಅಷ್ಟೇ’ ಎಂದಿರಲಿ. ಮುಟ್ಟಾದ ದಿನ, ರಿಪೋರ್ಟ್ ಬಂದ ದಿನ ಅವಳಾಗಿ ಹೇಳಿದರೆ ‘ಮುಂದಿನ ಸಲ ಆಗುತ್ತೆ ಬಿಡು’ ಅನ್ನಬೇಡಿ. ‘ಅಯ್ಯೋ, ನೀನು ಎಷ್ಟು ಆಸೆ ಇಟ್ಟುಕೊಂಡಿದ್ದೆ’ ಅನ್ನಿ. ಇದು ಸಣ್ಣ ವ್ಯತ್ಯಾಸದ ಹಾಗೆ ಕಾಣುತ್ತದೆ. ಮೊದಲ ಮಾತು ಕೇಳಿದವಳು ಅಳು ನುಂಗಿಕೊಳ್ಳಬೇಕು. ಎರಡನೆಯದಾದರೆ ನಿಮ್ಮ ಮುಂದೆ ಅಳಬಹುದು. ಯಾರಿಗೋ ಹತ್ತು ವರ್ಷದ ಮೇಲೆ ಆಯಿತಂತೆ ಎಂಬ ಕಥೆಗಳೂ ಬೇಡ. ಕೇಳುವವಳಿಗೆ ಆ ಹತ್ತು ವರ್ಷ ಮಾತ್ರ ಕಿವಿಗೆ ಬೀಳುತ್ತದೆ.

ಅವಳನ್ನು ಕಟ್ಟಿಕೊಟ್ಟ ಮನೆಯಲ್ಲಿ ಯಾರಾದರೂ ದೋಷ ಅವಳದ್ದೇ ಅಂದರೆ ಮಾತ್ರ ಸುಮ್ಮನಿರಬೇಡಿ. ಮಕ್ಕಳಾಗದಿರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಅದೊಂದೇ ಆಗಿಯೋ ಹೆಂಡತಿಯದರ ಜೊತೆ ಸೇರಿಯೋ. ಪರೀಕ್ಷೆ ಇಬ್ಬರಿಗೂ ಆಗಬೇಕು. ಈ ಮಾತನ್ನು ಹೇಳಲು ಅವಳಿಗಿಂತ ನೀವೇ ಸರಿ.

ಪ್ರಶ್ನೆ: ಕೌನ್ಸೆಲಿಂಗ್‌ಗೆ ಹೋದರೆ ಮಗು ಆಗುತ್ತದಾ? ಆಗುವುದಿಲ್ಲ ಅಂದರೆ ಯಾಕೆ ಹೋಗಬೇಕು?

ಉತ್ತರ: ಮಗು ಆಗುತ್ತದೆ ಎಂದು ಯಾವ ಕೌನ್ಸೆಲರ್ ಭರವಸೆ ಕೊಟ್ಟರೂ ಎದ್ದು ಬನ್ನಿ. ನಾವಿರುವುದು ನಿಮಗೋಸ್ಕರ. ಮಗು ಆಗುವವರೆಗೂ, ಆದರೂ, ಆಗದಿದ್ದರೂ ನೀವು ನೀವಾಗಿ ಉಳಿಯಬೇಕಲ್ಲ, ಅದಕ್ಕೆ.

ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಹೆದರಿಕೆ ಕಡಿಮೆಯಾಗಲಿ. ಮೊದಲ ಸಲ ಹೆಚ್ಚಾಗಿ ನೀವು ಮಾತಾಡುತ್ತೀರಿ, ನಾವು ಕೇಳುತ್ತೇವೆ. ಕಳೆದ ಎರಡು ವಾರದ ನಿದ್ದೆ, ಊಟ, ಮನಸ್ಸಿನ ಬಗ್ಗೆ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು, ಪಿಎಚ್‌ಕ್ಯು-9 ಎನ್ನುತ್ತಾರೆ. ಪರೀಕ್ಷೆ ಅಂದುಕೊಳ್ಳಬೇಡಿ, ಎಷ್ಟು ಭಾರ ಹೊತ್ತಿದ್ದೀರಿ ಅಂತ ತಿಳಿಯಲು ಅಷ್ಟೇ. ಆಮೇಲಿನ ಭೇಟಿಗಳಲ್ಲಿ ಸಣ್ಣ ಸಣ್ಣ ಕೆಲಸ. ಉದಾಹರಣೆಗೆ, ಎಂಬ್ರಿಯೋ ಹಾಕಿದ ಮೇಲಿನ ಆ ಎರಡು ವಾರ. ಸ್ತನ ಭಾರವಾದರೆ ಗರ್ಭ ನಿಂತಿತು ಅನ್ನಿಸುತ್ತದೆ, ಭಾರ ಇಳಿದರೆ ಹೋಯಿತು ಅನ್ನಿಸುತ್ತದೆ. ಗರ್ಭ ನಿಲ್ಲಲು ನೆರವಾಗಲೆಂದು ಆಗ ಕೊಡುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಔಷಧಿಯಿಂದಲೇ ಸ್ತನದ ನೋವು, ಹೊಟ್ಟೆಯುಬ್ಬರ, ಸುಸ್ತು ಎಲ್ಲ ಬರುತ್ತದೆ. ಗರ್ಭ ನಿಂತಿದ್ದರೂ ಬರುತ್ತದೆ, ನಿಲ್ಲದಿದ್ದರೂ ಬರುತ್ತದೆ. ಮೈಯನ್ನು ಗಂಟೆಗೊಮ್ಮೆ ಓದಿದರೂ ಉತ್ತರ ಅಲ್ಲಿಲ್ಲ ಎಂದು ಗೊತ್ತಾದರೆ ಅರ್ಧ ಹಗುರ. ಮಿಕ್ಕರ್ಧಕ್ಕೆ ಬೇರೆ ದಾರಿಗಳಿವೆ. ನಾನು ಆಗ ಗರ್ಭಪರೀಕ್ಷೆಯ ಸ್ಟ್ರಿಪ್ಪನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ಟಾರ್ಚ್ ಬಿಟ್ಟು ಎರಡನೇ ಗೆರೆ ಹುಡುಕುತ್ತಿದ್ದೆ. ಈಗ ನನ್ನ ಹತ್ತಿರ ಬರುವವರಿಗೆ, ಮನೆಯಲ್ಲಿರುವ ಸ್ಟ್ರಿಪ್‌ಗಳನ್ನು ರಕ್ತಪರೀಕ್ಷೆಯ ದಿನದವರೆಗೆ ಗೆಳತಿಯ ಮನೆಯಲ್ಲಿ ಇಡಿ ಎನ್ನುತ್ತೇನೆ.

ಚಿಕಿತ್ಸೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಮಾತನ್ನೂ ಅಲ್ಲೇ ಆಡಬಹುದು. ಎಷ್ಟು ಸಲ, ಎಷ್ಟು ಹಣ, ಎಷ್ಟು ವರ್ಷ ಅಂತ ಶುರುವಿನಲ್ಲೇ ಇಬ್ಬರೂ ಬರೆದಿಡಿ. ಬೇಕಾದರೆ ಆಮೇಲೆ ಬದಲಿಸಿ. ಸೋತ ರಿಪೋರ್ಟ್ ಕೈಯಲ್ಲಿ ಹಿಡಿದ ದಿನ ಆ ತೀರ್ಮಾನ ಮಾಡುವುದು ಬೇಡ.

ಪ್ರಶ್ನೆ: ಕೇಳಬಾರದೇನೋ. ನಿಮಗೆ ಮಕ್ಕಳಿದ್ದಾರಾ? ಇಲ್ಲದಿದ್ದರೆ, ನೋವು ಹೋಯಿತಾ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಇಲ್ಲ. ನಾಲ್ಕು ಐವಿಎಫ್ ಆದ ಮೇಲೆ ನಿಲ್ಲಿಸಿದೆವು. ಉಳಿದ ಇಂಜೆಕ್ಷನ್ ಪೆಟ್ಟಿಗೆಯನ್ನು ಆಸ್ಪತ್ರೆಗೆ ವಾಪಸ್ ಕೊಟ್ಟು ಬಂದು, ನಮ್ಮವರು ಆ ತರಕಾರಿ ಟ್ರೇ ಹೊರಗೆ ತೆಗೆದು ತೊಳೆದರು. ನಾನು ಪಕ್ಕದಲ್ಲಿ ನಿಂತು ಒರೆಸಿದೆ. ಅವತ್ತು ಇಬ್ಬರೂ ಅತ್ತೆವು. ಅವರು ನನ್ನ ಮುಂದೆ ಅತ್ತಿದ್ದು ಅದೇ ಮೊದಲು.

ನೋವು ಈಗ ಪ್ರತಿದಿನ ಬರುವುದಿಲ್ಲ. ನಾಲ್ಕನೇ ಸಲದ ರಿಪೋರ್ಟ್ ಬಂದ ತಾರೀಖು ವರ್ಷಕ್ಕೊಮ್ಮೆ ಬರುತ್ತದೆ. ಆ ದಿನ ನಾನು ಯಾರಿಗೂ ಅಪಾಯಿಂಟ್‌ಮೆಂಟ್ ಕೊಡುವುದಿಲ್ಲ. ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ.